ಹಳೇ ಕಾರಿಗೆ ದುಬಾರಿ ಪೆಟ್ರೋಲ್ ಬೇಡ, ಹೊತ್ತಿಗೆ ಸರಿಯಾಗಿ ಆಯಿಲ್ ಬೇಕು

ಹಳೇ ಓಮ್ನಿ, ಮಾರುತಿ 800, ಝೆನ್, ಸ್ಯಾಂಟ್ರೋ ಇಟ್ಟುಕೊಂಡವರನ್ನು ಈಗ ಮೂರು ಕಡೆಯಿಂದ ಹೆದರಿಸುತ್ತಿದ್ದಾರೆ.

ಬಂಕಿನ ಹುಡುಗ, "ಅಣ್ಣ, 95 ಹಾಕ್ಸಿ, ಪಿಕಪ್ ಚೆನ್ನಾಗಿ ಬರುತ್ತೆ" ಅನ್ನುತ್ತಾನೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರು, "ಫುಲ್ ಸಿಂಥೆಟಿಕ್ ಹಾಕಿಬಿಡಿ, ಇಂಜಿನ್ ಹೊಸದರ ಥರ ಆಗುತ್ತೆ" ಅನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ವಿಡಿಯೋ, "ಎಥನಾಲ್ ನಿಮ್ಮ ಇಂಜಿನ್ನನ್ನೇ ತಿಂದು ಹಾಕುತ್ತೆ, ಈ ಬಾಟಲಿ ಔಷಧಿ ಟ್ಯಾಂಕಿಗೆ ಸುರಿಯಿರಿ" ಅನ್ನುತ್ತದೆ. ಮೂವರ ಮಾತಿಗೂ ಕೊನೆ ಒಂದೇ: ನಿಮ್ಮ ಜೇಬಿನಿಂದ ಇನ್ನಷ್ಟು ದುಡ್ಡು ಹೊರಗೆ ಬರಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾರಿಗೆ ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಹಾಕಿಸುವುದು ಬಹುಪಾಲು ದುಡ್ಡು ದಂಡ. ಆ ದುಡ್ಡನ್ನು ಆಯಿಲ್‌ಗೆ, ಫಿಲ್ಟರ್‌ಗೆ, ಪೆಟ್ರೋಲ್ ಪೈಪಿಗೆ ಹಾಕಿದರೆ ಗಾಡಿ ಉಳಿಯುತ್ತದೆ. ಇನ್ನೊಂದು ಮಾತು: ಎಥನಾಲ್ ಬೆರೆಸಿದ ಪೆಟ್ರೋಲ್‌ನಿಂದ ಹಳೇ ಗಾಡಿಗೆ ಆಗುವ ಖರ್ಚನ್ನು ಗಾಡಿಯವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೊದಲನೆಯದು ನಮ್ಮ ಕೈಯಲ್ಲಿದೆ. ಎರಡನೆಯದನ್ನು ನಾವು ಕೇಳಿ ಪಡೆಯಬೇಕು.

ಇವು ಶೋಕಿ ಗಾಡಿಗಳಲ್ಲ

ಬೆಂಗಳೂರಿನಲ್ಲಿ ಹಳೇ ಕಾರು ಅಂದರೆ ಭಾನುವಾರ ಒರೆಸಿ ಫೋಟೋ ತೆಗೆಯುವ ವಿಂಟೇಜ್ ಗಾಡಿ. ಅರಿಶಿನಕುಂಟೆ, ಅಡಕಮಾರನಹಳ್ಳಿ, ನೆಲಮಂಗಲದ ಸುತ್ತಮುತ್ತ ಹಳೇ ಕಾರು ಅಂದರೆ ಅನ್ನ. ಬೆಳಗ್ಗೆ ಸೊಪ್ಪು, ಹೂವು, ತರಕಾರಿ ಹೇರಿಕೊಂಡು ದಾಸನಪುರ, ಯಶವಂತಪುರದ ಕಡೆ ಹೋಗುವ ಓಮ್ನಿ. ಮಕ್ಕಳನ್ನು ಶಾಲೆಗೆ ಬಿಡುವ ಓಮ್ನಿ. ಗೋದಾಮಿನ ಕೆಲಸಕ್ಕೆ, ಪೀಣ್ಯದ ಶಿಫ್ಟಿಗೆ ನಾಲ್ಕು ಜನ ಸೇರಿ ಹೋಗುವ ಮಾರುತಿ 800. ಅಮ್ಮನಿಗೆ ರಾತ್ರಿ ಎದೆ ನೋವು ಬಂದರೆ ಆಸ್ಪತ್ರೆಗೆ ಓಡಿಸುವ ಅಕ್ಕಪಕ್ಕದ ಮನೆಯವರ ಸ್ಯಾಂಟ್ರೋ.

ಮಾರುತಿ 800 ಶುರುವಾದದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಅಂಬಾಸಿಡರ್ ಕೂಡ ನಿಂತದ್ದು 2014ರಲ್ಲೇ. ಓಮ್ನಿ ನಿಂತದ್ದು 2019ರಲ್ಲಿ. ಅಂದರೆ ಇವು ಮ್ಯೂಸಿಯಂ ಸೇರುವ ವಯಸ್ಸಿನವೇನಲ್ಲ, ಇನ್ನೂ ಹಲವು ವರ್ಷ ನಮ್ಮ ರಸ್ತೆಯಲ್ಲಿ ಓಡುವ ಗಾಡಿಗಳು. ಆದರೆ ಇವುಗಳ ಇಂಜಿನ್ ಮಾಡಿದಾಗ ಬಂಕಿನಲ್ಲಿ ಇದ್ದ ಪೆಟ್ರೋಲ್ ಬೇರೆ, ಈಗ ಬರುವ ಪೆಟ್ರೋಲ್ ಬೇರೆ. ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದ.

ಆಕ್ಟೇನ್ ಅಂದರೆ ಶಕ್ತಿಯಲ್ಲ, ತಾಳ್ಮೆ

ಆಕ್ಟೇನ್ ನಂಬರ್ ಹೆಚ್ಚಿದ್ದರೆ ಪೆಟ್ರೋಲ್‌ನಲ್ಲಿ ಶಕ್ತಿ ಹೆಚ್ಚು ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಇಂಜಿನ್ ಒಳಗೆ ಪಿಸ್ಟನ್ ಮೇಲೆ ಬಂದು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಒತ್ತಿದಾಗ ಬಿಸಿಯಾಗುತ್ತದೆ. ಪ್ಲಗ್ ಕಿಡಿ ಕೊಡುವವರೆಗೆ ಆ ಮಿಶ್ರಣ ಸುಮ್ಮನಿರಬೇಕು. ತಾಳ್ಮೆ ಇಲ್ಲದ ಪೆಟ್ರೋಲ್ ಆದರೆ ಅದರ ಒಂದು ಭಾಗ ತಾನಾಗಿಯೇ ಸಿಡಿಯುತ್ತದೆ. ಏರಿನಲ್ಲಿ, ಲೋಡ್ ಇದ್ದಾಗ, ಮೇಲಿನ ಗೇರಿನಲ್ಲಿ ಎಳೆಸಿದಾಗ ಕಬ್ಬಿಣದ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕಟಕಟ ಸದ್ದು ಬರುತ್ತದಲ್ಲ, ಅದೇ ಇದು. ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುತ್ತಾರೆ. ಹೆಚ್ಚು ದಿನ ಹಾಗೇ ಓಡಿಸಿದರೆ ಪಿಸ್ಟನ್ ಹಾಳಾಗುತ್ತದೆ.

ಹೊಸ ಕಾರುಗಳು ಮಿಶ್ರಣವನ್ನು 10, 11, 12 ಪಟ್ಟು ಒತ್ತುತ್ತವೆ. ಅದಕ್ಕೆ ತಾಳ್ಮೆ ಹೆಚ್ಚಿರುವ ಪೆಟ್ರೋಲ್ ಬೇಕು. ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯ ಪೆಟ್ರೋಲ್ ಇಂಜಿನ್‌ಗಳು ಒತ್ತುತ್ತಿದ್ದದ್ದು 7ರಿಂದ 7.5 ಪಟ್ಟಿನ ಆಸುಪಾಸು. ಕಾರ್ಬುರೇಟರ್ ಕಾಲದ ಮಾರುತಿ 800, ಓಮ್ನಿಯೂ 9 ಪಟ್ಟು ಮುಟ್ಟುವುದಿಲ್ಲ. ಇವು 87, 88 ಆಕ್ಟೇನ್‌ನ ಪೆಟ್ರೋಲ್‌ನಲ್ಲಿ ಓಡಲೆಂದೇ ಹುಟ್ಟಿದವು. ಒಂದು ಚೀಲ ಹೊರುವವನಿಗೆ ಮೂರು ಚೀಲ ಹೊರುವವನ ಕೂಲಿ ಕೊಟ್ಟರೆ ಕೆಲಸ ಮೂರರಷ್ಟು ಆಗುವುದಿಲ್ಲ. ಇದೂ ಅಷ್ಟೇ.

ನಮ್ಮೂರಿನ ಎತ್ತರದ ಲಾಭವೂ ಇದೆ. ಬೆಂಗಳೂರು, ನೆಲಮಂಗಲದ ಸೀಮೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರ ತೀರಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಗಾಳಿ ತೆಳುವಾದರೆ ಇಂಜಿನ್ ಒಳಗಿನ ಒತ್ತಡವೂ ಅಷ್ಟು ಕಡಿಮೆ. ಹಾಗಾಗಿ ಅದೇ ಕಾರು ಮಂಗಳೂರಿನಲ್ಲಿ ಕೇಳುವಷ್ಟು ಆಕ್ಟೇನನ್ನು ಇಲ್ಲಿ ಕೇಳುವುದಿಲ್ಲ.

ಇನ್ನು ಲೆಕ್ಕಕ್ಕೆ ಬನ್ನಿ. ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿರುವಂತೆ ಮೊದಲು 88 ಇದ್ದ ಸಾಮಾನ್ಯ ಪೆಟ್ರೋಲ್‌ನ ಆಕ್ಟೇನ್, ಬಿಎಸ್-6 ಬಂದಾಗ 91 ಆಯಿತು, 20ರಷ್ಟು ಎಥನಾಲ್ ಬೆರೆತ ಮೇಲೆ 95ಕ್ಕೆ ಬಂದಿದೆ. ಎಥನಾಲ್‌ನ ಸ್ವಂತ ಆಕ್ಟೇನ್ 108ರ ಮೇಲಿದೆ, ಅದು ಬೆರೆತರೆ ನಂಬರ್ ತಾನಾಗಿಯೇ ಏರುತ್ತದೆ. ಹಾಗಾದರೆ ಸಾಮಾನ್ಯ ನಳಿಕೆಯಲ್ಲೇ 95 ಬರುತ್ತಿರುವಾಗ, 95 ಅಂತ ಬೋರ್ಡು ಹಾಕಿದ ಇನ್ನೊಂದು ನಳಿಕೆಗೆ ನಾವು ಹೆಚ್ಚು ದುಡ್ಡು ಕೊಡುವುದು ಯಾಕೆ? ದುಬಾರಿ ಪೆಟ್ರೋಲ್‌ನಲ್ಲಿ ಇಂಜಿನ್ ತೊಳೆಯುವ ರಾಸಾಯನಿಕವನ್ನು ಸೇರಿಸಿರುತ್ತಾರೆ, ಅದು ಸುಳ್ಳಲ್ಲ. ಆದರೆ 95 ಅಂತ ಬರೆದ ಮಾತ್ರಕ್ಕೆ ಅದರಲ್ಲಿ ಎಥನಾಲ್ ಇಲ್ಲ ಅಂತಲ್ಲ. ಆಕ್ಟೇನ್ ನಂಬರ್ ಬೇರೆ, ಎಥನಾಲ್ ಪ್ರಮಾಣ ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ತಿಂಗಳಿಗೆ 600 ಕಿಲೋಮೀಟರ್ ಓಡುವ, ಲೀಟರಿಗೆ 14 ಕೊಡುವ ಓಮ್ನಿಗೆ 43 ಲೀಟರ್ ಬೇಕು. ಲೀಟರಿಗೆ 8 ರೂಪಾಯಿ ಹೆಚ್ಚು ಅಂತ ಇಟ್ಟುಕೊಂಡರೂ ತಿಂಗಳಿಗೆ 344 ರೂಪಾಯಿ, ವರ್ಷಕ್ಕೆ 4,100 ರೂಪಾಯಿ ದಾಟುತ್ತದೆ. ಅದರಲ್ಲಿ ಎರಡು ಸಲ ಆಯಿಲ್ ಬದಲಾಯಿಸಬಹುದು.

ಕಟಕಟ ಸದ್ದು ನಿಜವಾಗಿಯೂ ಬರುತ್ತಿದ್ದರೆ? ಮೊದಲು ಇಗ್ನಿಷನ್ ಟೈಮಿಂಗ್ ನೋಡಿಸಿ. ಪ್ಲಗ್ ಸರಿಯಾದ ನಂಬರಿನದ್ದಾ ನೋಡಿಸಿ. ರೇಡಿಯೇಟರ್ ಕಟ್ಟಿಕೊಂಡು ಇಂಜಿನ್ ಕಾಯುತ್ತಿದೆಯಾ ನೋಡಿಸಿ. ಇಪ್ಪತ್ತು ವರ್ಷದ ಮಸಿ ಸಿಲಿಂಡರ್ ತಲೆಯಲ್ಲಿ ಕೂತಿದ್ದರೆ ಅದೂ ಕಾರಣ. ಇಷ್ಟೆಲ್ಲ ಸರಿ ಇದ್ದೂ ಸದ್ದು ಬಂದರೆ ಆಗ ಬೇಕಾದರೆ ಆಕ್ಟೇನ್ ಬಗ್ಗೆ ಯೋಚಿಸಿ. ಜ್ವರ ಯಾಕೆ ಬಂತು ಅಂತ ನೋಡದೆ ದುಬಾರಿ ಮಾತ್ರೆ ನುಂಗಿದರೆ ಏನು ಪ್ರಯೋಜನ?

ತೊಂದರೆ ಇರುವುದು ಎಥನಾಲ್ ಕಡೆ

2023ರ ಫೆಬ್ರವರಿ 6ರಂದು ಪ್ರಧಾನಿಯವರು ಇ20 ಪೆಟ್ರೋಲ್‌ಗೆ ಚಾಲನೆ ಕೊಟ್ಟದ್ದು ಎಲ್ಲಿ ಗೊತ್ತಾ? ನಮ್ಮ ಇದೇ ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ. ಅವತ್ತು 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಶುರುವಾದದ್ದು ಈಗ ಊರೂರಿನ ಬಂಕಿಗೂ ಬಂದಿದೆ. 2022ರ ಜೂನ್‌ನಲ್ಲಿ 10ರಷ್ಟಿದ್ದ ಎಥನಾಲ್ 2025ರ ಹೊತ್ತಿಗೆ 20ಕ್ಕೆ ಏರಿತು. 2030ಕ್ಕೆ ಅಂತ ಇದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದರು. ಗುರಿ ಬೇಗ ಮುಟ್ಟಿತು, ಆದರೆ ನಮ್ಮ ಗಾಡಿಗಳ ವಯಸ್ಸು ಬೇಗ ಕಡಿಮೆಯಾಗಲಿಲ್ಲ.

ವಾಟ್ಸ್‌ಆ್ಯಪ್ ವಿಡಿಯೋ ಹೇಳುವ ಹಾಗೆ ಎಥನಾಲ್ ಇಂಜಿನ್ನನ್ನು ತಿಂದು ಹಾಕುವುದಿಲ್ಲ. ಆದರೆ ಹಳೇ ಗಾಡಿಯಲ್ಲಿ ನಾಲ್ಕು ಕಡೆ ಅದು ಕೈ ಇಡುತ್ತದೆ.

ಒಂದು, ಮೈಲೇಜ್. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನ ಮೂರನೇ ಎರಡು ಭಾಗ ಮಾತ್ರ. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ಮಾಡಿ, 10ರಷ್ಟು ಎಥನಾಲ್‌ಗೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಮೈಲೇಜ್ 6ರಿಂದ 7 ಶೇಕಡಾ ಇಳಿಯುತ್ತದೆ ಅಂತ 2021ರಲ್ಲಿ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ಬೈಕುಗಳಿಗೆ 3ರಿಂದ 4 ಶೇಕಡಾ. ಮೇಲೆ ಹೇಳಿದ ಓಮ್ನಿಗೆ 6 ಶೇಕಡಾ ಹಿಡಿದರೂ ತಿಂಗಳಿಗೆ ಪೌಣೆ ಮೂರು ಲೀಟರ್ ಹತ್ತಿರ ಹೆಚ್ಚು ಬೇಕು. ಲೀಟರ್ 103 ರೂಪಾಯಿ ಅಂದರೆ ತಿಂಗಳಿಗೆ ಸುಮಾರು 280 ರೂಪಾಯಿ. ಇದು ಶುದ್ಧ ಪೆಟ್ರೋಲ್‌ಗೆ ಹೋಲಿಸಿದ ಲೆಕ್ಕ. 10ರಷ್ಟು ಎಥನಾಲ್ ಇದ್ದಾಗಲೇ ಇದರ ಒಂದಷ್ಟು ಭಾಗ ಹೋಗಿತ್ತು, ನಮಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಯಾರಾದರೂ ನಿಮ್ಮ ಗಾಡಿಯ ಮೈಲೇಜ್ ಅರ್ಧಕ್ಕರ್ಧ ಇಳಿಯಲು ಎಥನಾಲೇ ಕಾರಣ ಅಂದರೆ ನಂಬಬೇಡಿ. ಬೇರೆ ರೋಗ ಇದೆ, ನೋಡಿಸಿ.

ಎರಡು, ಕಾರ್ಬುರೇಟರ್. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲ್‌ಗೆ 9 ಕಿಲೋ ಸಾಕು. ಎರಡೂ ಬೆರೆತಾಗ ಇಂಜಿನ್‌ಗೆ ಗಾಳಿ ಕಡಿಮೆ, ಇಂಧನ ಹೆಚ್ಚು ಬೇಕಾಗುತ್ತದೆ. ಇಂಜೆಕ್ಷನ್ ಇರುವ ಕಾರಿನಲ್ಲಿ ಸೈಲೆನ್ಸರ್ ಕಡೆ ಆಕ್ಸಿಜನ್ ಸೆನ್ಸರ್ ಇದ್ದರೆ ಅದು ನೋಡಿ ಕಂಪ್ಯೂಟರ್ ಒಂದು ಮಟ್ಟದವರೆಗೆ ಸರಿಮಾಡಿಕೊಳ್ಳುತ್ತದೆ. ಕಾರ್ಬುರೇಟರ್‌ಗೆ ಕಣ್ಣೂ ಇಲ್ಲ, ಬುದ್ಧಿಯೂ ಇಲ್ಲ. ಹಳೇ ಅಳತೆಯಲ್ಲೇ ಸುರಿಯುತ್ತದೆ. ಹಾಗಾಗಿ ಮಿಶ್ರಣ ತೆಳುವಾಗಿ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುವುದು, ಇಂಜಿನ್ ಹೆಚ್ಚು ಕಾಯುವುದು ಶುರುವಾಗುತ್ತದೆ. ಕೈಯಲ್ಲಿ ಕೆಲಸ ಬಲ್ಲ ಹಳೇ ಮೆಕ್ಯಾನಿಕ್ ಮಿಕ್ಸ್ಚರ್ ಸ್ಕ್ರೂ ಹೊಂದಿಸಿ, ಬೇಕಾದರೆ ಒಂದು ನಂಬರ್ ದೊಡ್ಡ ಜೆಟ್ ಹಾಕಿ ಇದನ್ನು ಸರಿಮಾಡಬಲ್ಲ. ಇದಕ್ಕೆ ಬಾಟಲಿ ಔಷಧಿ ಬೇಡ. ಪೆಟ್ರೋಲ್‌ನಲ್ಲಿ ಇಲ್ಲದ ಶಕ್ತಿಯನ್ನು ಯಾವ ಬಾಟಲಿಯೂ ತಂದು ತುಂಬುವುದಿಲ್ಲ.

ಮೂರು, ರಬ್ಬರ್. ಇದು ನಿಜಕ್ಕೂ ಭಯಪಡಬೇಕಾದ ಜಾಗ. ಹಳೇ ಪೆಟ್ರೋಲ್ ಪೈಪು, ಕಾರ್ಬುರೇಟರ್‌ನ ಗ್ಯಾಸ್ಕೆಟ್, ಪೆಟ್ರೋಲ್ ಪಂಪಿನ ಡಯಾಫ್ರಂ ಎಥನಾಲ್‌ಗೆ ಅಂತ ಮಾಡಿದವಲ್ಲ. ಕೆಲವು ಉಬ್ಬುತ್ತವೆ, ಕೆಲವು ಒಣಗಿ ಬಿರುಕು ಬಿಡುತ್ತವೆ. ಬಿರುಕಿನಿಂದ ಜಿನುಗಿದ ಪೆಟ್ರೋಲ್ ಕಾದ ಸೈಲೆನ್ಸರ್ ಕೊಳವೆಯ ಹತ್ತಿರ ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಓಮ್ನಿಯಲ್ಲಿ ಇಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಹಿಂದೆ ಮಕ್ಕಳು ಕೂತಿರುತ್ತಾರೆ.

ಸಚಿವಾಲಯವೂ 2025ರ ಆಗಸ್ಟ್‌ನಲ್ಲಿ ಕೊಟ್ಟ ವಿವರಣೆಯಲ್ಲಿ, ಕೆಲವು ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು, ಅದರ ಖರ್ಚು ಕಡಿಮೆ ಅಂತ ಒಪ್ಪಿಕೊಂಡಿದೆ. ಅದು ಹೇಳಿದ ಕಿಲೋಮೀಟರಿಗೆ ಕಾಯಬೇಡಿ. ಇಪ್ಪತ್ತು ವರ್ಷದ ಪೈಪು ಎಥನಾಲ್ ಇಲ್ಲದಿದ್ದರೂ ಬದಲಾಗಬೇಕಾದದ್ದೇ. ಈ ವಾರವೇ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಪೂರ್ತಿ ಪೈಪು ನೋಡಿಸಿ. ಬದಲಾಯಿಸುವಾಗ ಎಥನಾಲ್ ತಡೆಯುವ ಪೈಪೇ ಕೇಳಿ ಹಾಕಿಸಿ. ಮೀಟರ್ ಲೆಕ್ಕದಲ್ಲಿ ಸಿಗುವ ನೀರಿನ ಪೈಪು, ಗ್ಯಾಸ್ ಪೈಪು ಬೇಡ. ಕ್ಲಾಂಪ್ ಹೊಸದಿರಲಿ. ಗಾಡಿಯೊಳಗೆ ಪೆಟ್ರೋಲ್ ವಾಸನೆ ಬಂದರೆ "ಹಳೇ ಗಾಡಿ ಅಲ್ವಾ, ಬರುತ್ತೆ" ಅನ್ನಬೇಡಿ. ನಿಲ್ಲಿಸಿ, ನೋಡಿ.

ನಾಲ್ಕು, ನೀರು. ಎಥನಾಲ್‌ಗೆ ನೀರಿನ ಮೇಲೆ ಪ್ರೀತಿ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಸೇರಿ ಟ್ಯಾಂಕಿನ ತಳಕ್ಕೆ ಇಳಿದು ಬೇರೆ ಪದರವಾಗಿ ನಿಲ್ಲುತ್ತವೆ. ಇಂಜಿನ್ ಎಳೆಯುವುದು ತಳದಿಂದಲೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಕಾರು ಸ್ಟಾರ್ಟ್ ಆಗದಿರಲು, ಹಳೇ ಕಬ್ಬಿಣದ ಟ್ಯಾಂಕು ತುಕ್ಕು ಹಿಡಿಯಲು ಇದೂ ಕಾರಣ. ತೀರಾ ಕಡಿಮೆ ಓಡಿಸುವವರು ಟ್ಯಾಂಕನ್ನು ಖಾಲಿ ಬಿಡಬೇಡಿ, ತುಂಬಿದ್ದಷ್ಟೂ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ವಾರಕ್ಕೊಮ್ಮೆಯಾದರೂ ಓಡಿಸಿ. ಎಥನಾಲ್ ಟ್ಯಾಂಕಿನ ಹಳೇ ಕೊಳೆಯನ್ನು ಬಿಡಿಸಿ ತರುವುದರಿಂದ ಪೆಟ್ರೋಲ್ ಫಿಲ್ಟರ್ ಬೇಗ ಕಟ್ಟುತ್ತದೆ. ಅದನ್ನೂ ಬದಲಾಯಿಸಿ, ದೊಡ್ಡ ಖರ್ಚಲ್ಲ.

ಆಯಿಲ್ ಡಬ್ಬದ ಮೇಲಿನ ಅಕ್ಷರ ಓದಿ

ಪೆಟ್ರೋಲ್ ಬಗ್ಗೆ ಇಷ್ಟು ಗಲಾಟೆ ಮಾಡುವ ನಾವು ಆಯಿಲ್ ಬಗ್ಗೆ ಮಾತಾಡುವುದೇ ಇಲ್ಲ. ಹಳೇ ಇಂಜಿನ್ ಸಾಯುವುದು ಹೆಚ್ಚಾಗಿ ಆಯಿಲ್ ಇಲ್ಲದೆ, ಇಲ್ಲವೇ ಹಳಸಿದ ಆಯಿಲ್‌ನಿಂದ.

ಡಬ್ಬದ ಮೇಲೆ 20ಡಬ್ಲ್ಯೂ-50 ಅಂತ ಇರುತ್ತದೆ. ಡಬ್ಲ್ಯೂ ಅಂದರೆ ಚಳಿಗಾಲ. ಅದರ ಹಿಂದಿನ ನಂಬರ್ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ, ಮುಂದಿನ ನಂಬರ್ ಇಂಜಿನ್ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಅಂತ ಹೇಳುತ್ತದೆ. ಹಿಂದಿನ ನಂಬರ್ ಚಿಕ್ಕದಾದಷ್ಟೂ ಹಿಮ ಬೀಳುವ ಊರಿಗೆ ಒಳ್ಳೆಯದು. ನಮ್ಮ ಸೀಮೆಯಲ್ಲಿ? ಬೆಂಗಳೂರಿನ ದಾಖಲೆಯ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. 20ಡಬ್ಲ್ಯೂ ಆಯಿಲ್ ಸೊನ್ನೆಗಿಂತ ಎಷ್ಟೋ ಕೆಳಗೂ ಹರಿಯುತ್ತದೆ. ಹಾಗಾಗಿ ನಮ್ಮ ಮಾಗಿಯ ಚಳಿಗೆ ಹೆದರಿ 0ಡಬ್ಲ್ಯೂ, 5ಡಬ್ಲ್ಯೂ ಅಂತ ದುಡ್ಡು ಸುರಿಯಬೇಕಿಲ್ಲ.

0ಡಬ್ಲ್ಯೂ-20 ಥರದ ತೆಳು ಆಯಿಲ್ ಮಾಡಿರುವುದು ಹೊಸ ಕಾಲದ ಬಿಗಿ ಇಂಜಿನ್‌ಗಳಿಗೆ. ಸವೆದ ಇಂಜಿನ್‌ಗೆ ಅದನ್ನು ಹಾಕಿದರೆ ಸಂದಿಗೊಂದಿಯಲ್ಲಿ ನಿಲ್ಲುವುದಿಲ್ಲ, ಆಯಿಲ್ ಪ್ರೆಷರ್ ಇಳಿಯುತ್ತದೆ, ಸೀಲಿನಲ್ಲಿ ಸೋರುತ್ತದೆ, ಉರಿದು ಹೋಗುತ್ತದೆ. ಕಾರ್ಬುರೇಟರ್ ಕಾಲದ ಗಾಡಿಗಳಿಗೆ 15ಡಬ್ಲ್ಯೂ-40, 20ಡಬ್ಲ್ಯೂ-40, 20ಡಬ್ಲ್ಯೂ-50 ಒಗ್ಗುವ ಸಾಲು. ಗಾಡಿಯ ಜೊತೆ ಬಂದ ಪುಸ್ತಕ ಇದ್ದರೆ ಅದೇ ಕೊನೆಯ ಮಾತು, ಅಂಗಡಿಯವರದ್ದಲ್ಲ. ಪುಸ್ತಕದಲ್ಲಿ ತೆಳು ಆಯಿಲ್ ಹೇಳಿದ್ದರೆ ಅದನ್ನೇ ಹಾಕಿ.

ಇನ್ನೊಂದು ಗುರುತು ಎಪಿಐ. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಇಂಜಿನ್‌ಗೆ, ಸಿ ಅಕ್ಷರದಿಂದ ಶುರುವಾದರೆ ಡೀಸೆಲ್‌ಗೆ. ಎಸ್ಎಲ್, ಎಸ್ಎಂ, ಎಸ್ಎನ್, ಎಸ್‌ಪಿ ಅಂತ ಅಕ್ಷರ ಮುಂದೆ ಹೋದಷ್ಟೂ ಹೊಸದು. ಮನೆಯಲ್ಲಿ ಟ್ರ್ಯಾಕ್ಟರ್‌ಗೆ ತಂದ ಆಯಿಲ್ ಉಳಿದಿದೆ ಅಂತ ಕಾರಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಡಬ್ಬದ ಮೇಲೆ ಸಿ ಮತ್ತು ಎಸ್ ಎರಡೂ ಗುರುತು ಇದ್ದರೆ ತೊಂದರೆ ಇಲ್ಲ, ಬರೀ ಸಿ ಇದ್ದರೆ ಬೇಡ. ಕಾರಿನ ಆಯಿಲ್ ಬೈಕಿಗೂ ಬೇಡ. ಬೈಕಿನಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ ಜಾರಲು ಶುರುವಾಗುತ್ತದೆ.

ಸಿಂಥೆಟಿಕ್ ಕೆಟ್ಟದ್ದಾ? ಅಲ್ಲ, ಒಳ್ಳೆಯದೇ. ಆದರೆ ಸವೆದ ರಿಂಗು, ಒಣಗಿದ ಸೀಲು ಸಿಂಥೆಟಿಕ್ ಹಾಕಿದ ತಕ್ಷಣ ಹೊಸದಾಗುವುದಿಲ್ಲ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಕುಡಿಯುವ ಇಂಜಿನ್‌ಗೆ ದುಬಾರಿ ಆಯಿಲ್ ಹಾಕುವುದು ತೂತಿನ ಕೊಡಕ್ಕೆ ಹಾಲು ತುಂಬಿದ ಹಾಗೆ. ಸಾಮಾನ್ಯ ಮಿನರಲ್ ಆಯಿಲನ್ನೇ ಹೊತ್ತಿಗೆ ಸರಿಯಾಗಿ ಬದಲಾಯಿಸಿ. 5 ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಆಯಿಲ್ ಫಿಲ್ಟರ್ ಪ್ರತಿ ಸಲ.

"ನಾನು ಆರು ತಿಂಗಳಲ್ಲಿ ಎರಡು ಸಾವಿರ ಕಿಲೋಮೀಟರ್ ಕೂಡ ಓಡಿಸಲ್ಲ" ಅನ್ನುವವರೇ ಹೆಚ್ಚು ಜಾಗ್ರತೆ ಇರಬೇಕು. ಅರಿಶಿನಕುಂಟೆಯಿಂದ ನೆಲಮಂಗಲ ಪೇಟೆಗೆ, ಪೇಟೆಯಿಂದ ವಾಪಸ್ ಮನೆಗೆ ಅಂತ ಓಡಿಸಿದರೆ ಇಂಜಿನ್ ಪೂರ್ತಿ ಕಾಯುವುದೇ ಇಲ್ಲ. ಉರಿದಾಗ ಹುಟ್ಟುವ ನೀರು, ಉರಿಯದೆ ಉಳಿದ ಪೆಟ್ರೋಲ್ ಎರಡೂ ಆಯಿಲ್‌ಗೆ ಇಳಿದು ಅಲ್ಲೇ ಉಳಿಯುತ್ತವೆ. ವಾರಕ್ಕೊಂದು ಸಲ ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಅದು ಆವಿಯಾಗಿ ಹೋಗುತ್ತದೆ.

ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ಸಮತಟ್ಟಾದ ಜಾಗ, ಇಂಜಿನ್ ಆರಿಸಿ ಐದು ನಿಮಿಷ. ಒರೆಸಿ, ಅದ್ದಿ, ನೋಡಿ. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಬಣ್ಣ ಕಪ್ಪಾಗಿದೆ ಅಂತ ಗಾಬರಿ ಬೇಡ, ಕೊಳೆ ತೊಳೆಯುವ ಆಯಿಲ್ ಕಪ್ಪಾಗಲೇಬೇಕು. ಹಾಲಿನ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಿ.

ಒಂದು ವಿಷಯ ಮಾತ್ರ ಎಲ್ಲರೂ ನೆನಪಿಡಿ. ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗುತ್ತಿದ್ದರೆ, ಪೆಟ್ರೋಲ್ ವಾಸನೆ ಹೊಡೆದರೆ, ಅದು ಪಂಪಿನ ಡಯಾಫ್ರಂ ಹರಿದಿರುವ ಲಕ್ಷಣ. ಕಾರ್ಬುರೇಟರ್ ಗಾಡಿಗಳಲ್ಲಿ ಪಂಪ್ ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಡಯಾಫ್ರಂ ಹರಿದರೆ ಪೆಟ್ರೋಲ್ ನೇರ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ನೀರಿನಂತಾಗಿ ಬೇರಿಂಗ್ ಹೋಗುತ್ತದೆ, ಬೆಂಕಿಯ ಅಪಾಯವೂ ಇದೆ. ಪೆಟ್ರೋಲ್ ಮತ್ತು ಆಯಿಲ್ ಬೇರೆ ಬೇರೆ ವಿಷಯ ಅಂದುಕೊಳ್ಳುವವರು ಇದನ್ನು ಗಮನಿಸಬೇಕು. ಹಳೇ ಗಾಡಿಯಲ್ಲಿ ಎರಡರ ನಡುವೆ ಇರುವುದು ಒಂದು ತೆಳು ರಬ್ಬರ್ ಹಾಳೆ ಮಾತ್ರ.

ಮೋಸ ಹೋಗಬೇಡಿ, ಕೆರೆಯನ್ನೂ ಕೆಡಿಸಬೇಡಿ

ಹಳೇ ಕಾರು ಕೊಳ್ಳುವಾಗ ತೀರಾ ದಪ್ಪ ಆಯಿಲ್ ತುಂಬಿ ಸದ್ದು, ಹೊಗೆ ಅಡಗಿಸಿ ಮಾರುವ ದಲ್ಲಾಳಿಗಳಿದ್ದಾರೆ. ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ಹೋಗಿ, ಮೊದಲ ಸ್ಟಾರ್ಟ್ ನಿಮ್ಮ ಎದುರೇ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ.

ಆಯಿಲ್ ಸೀಲ್ ಮಾಡಿದ ಡಬ್ಬದಲ್ಲೇ ಕೊಳ್ಳಿ, ಬಿಲ್ ಕೇಳಿ. ಲೂಸ್ ಆಯಿಲ್ ಅಗ್ಗ ಅಂತ ಹೋಗಬೇಡಿ, ಹಳೇ ಆಯಿಲನ್ನೇ ಸೋಸಿ ಕೊಟ್ಟರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಖಾಲಿ ಡಬ್ಬಕ್ಕೆ ನೀವೇ ತೂತು ಹೊಡೆದು ಬಿಸಾಕಿ, ಇಲ್ಲದಿದ್ದರೆ ಅದೇ ಡಬ್ಬ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಅಂಗಡಿಗೆ ಬರುತ್ತದೆ.

ಬಂಕಿನಲ್ಲಿ ಅಳತೆಯ ಅನುಮಾನ ಬಂದರೆ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಲು ಕೇಳಬಹುದು. 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆ ಬರಬಾರದು. ಗುಣಮಟ್ಟದ ಅನುಮಾನಕ್ಕೆ ಫಿಲ್ಟರ್ ಪೇಪರ್ ಪರೀಕ್ಷೆ ಇದೆ. ಒಂದು ಹನಿ ಹಾಕಿದರೆ ಕಲೆ ಉಳಿಯದೆ ಆವಿಯಾಗಬೇಕು. ಇದು ದಯೆ ಅಲ್ಲ, ಗ್ರಾಹಕರ ಹಕ್ಕು. ಕೇಳಲು ಸಂಕೋಚ ಬೇಡ.

ಕೊನೆಗೆ ಇಳಿಸಿದ ಹಳೇ ಆಯಿಲ್. ಬೇಲಿ ಗೂಟಕ್ಕೆ ಹಚ್ಚುವುದು, ಗೆದ್ದಲಿಗೆ ಸುರಿಯುವುದು, ಮೋರಿಗೆ ಚೆಲ್ಲುವುದು ನಮ್ಮಲ್ಲಿ ಮಾಮೂಲು. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ನಮ್ಮ ತಾಲ್ಲೂಕಿನಲ್ಲೇ ಹರಿದು ತಿಪ್ಪಗೊಂಡನಹಳ್ಳಿ ಜಲಾಶಯದ ಕಡೆ ಹೋಗುತ್ತದೆ. ಹಳ್ಳ, ಕೆರೆ, ಬೋರ್‌ವೆಲ್ ನೀರು ಎಲ್ಲ ಒಂದೇ ನೆಲದ್ದು. ಹಳೇ ಆಯಿಲನ್ನು ಅದೇ ಡಬ್ಬಕ್ಕೆ ತುಂಬಿ ಗ್ಯಾರೇಜಿಗೆ ಕೊಡಿ. 2024ರ ಏಪ್ರಿಲ್‌ನಿಂದ ಬಳಸಿದ ಆಯಿಲ್ ವಾಪಸ್ ಸೇರಿಸುವ ಹೊಣೆ ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಇದೆ.

ಈಗ ಸರ್ಕಾರದ ಸರದಿ

ಎಥನಾಲ್ ಬೇಡವೇ ಬೇಡ ಅನ್ನುವವನು ನಾನಲ್ಲ. ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರನಿಗೆ, ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ಬೆಳೆಗಾರನಿಗೆ ಎಥನಾಲ್ ಕಾರ್ಖಾನೆ ಒಂದು ಮಾರುಕಟ್ಟೆ. ವಿದೇಶಕ್ಕೆ ಹೋಗುವ ಡಾಲರ್ ಉಳಿಯುತ್ತದೆ ಅನ್ನುವುದೂ ನಿಜ. ಹಳೇ ಗಾಡಿಗಳನ್ನು ಒಂದು ಲಕ್ಷ ಕಿಲೋಮೀಟರ್‌ವರೆಗೆ ಪರೀಕ್ಷಿಸಿದಾಗ ದೊಡ್ಡ ವ್ಯತ್ಯಾಸ ಕಂಡಿಲ್ಲ ಅಂತ ಸಚಿವಾಲಯ ಹೇಳಿದೆ. ಎಥನಾಲ್ ಇಲ್ಲದ ಪೆಟ್ರೋಲ್ ಆಯ್ಕೆ ಬೇಕು ಅಂತ ಹೋದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿದೆ. ಕೋರ್ಟಿನ ಬಾಗಿಲು ಮುಚ್ಚಿದರೂ ಜನರ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಪ್ರಶ್ನೆ ಇಷ್ಟೇ. ನೀತಿ ಆಯೋಗದ ಅದೇ 2021ರ ವರದಿ ಎರಡು ಮಾತು ಹೇಳಿತ್ತು. ಹಳೇ ಗಾಡಿಗಳ ರಕ್ಷಣೆಗೆ 10ರಷ್ಟು ಎಥನಾಲ್ ಇರುವ ಪೆಟ್ರೋಲ್ 2025ರವರೆಗೆ ಸಿಗುತ್ತಿರಬೇಕು ಅಂತ ಒಂದು. ಮೈಲೇಜ್ ನಷ್ಟ ತುಂಬಲು ಎಥನಾಲ್ ಬೆರೆತ ಪೆಟ್ರೋಲ್‌ನ ಬೆಲೆ ಕಡಿಮೆ ಇರಬೇಕು ಅಂತ ಇನ್ನೊಂದು. ಎಥನಾಲ್ ಬಂತು, ಬೆಲೆ ಇಳಿಯಲಿಲ್ಲ. ಈಗ ಎಥನಾಲ್ ಖರೀದಿ ಬೆಲೆಯೇ ಲೀಟರಿಗೆ 71 ರೂಪಾಯಿ ದಾಟಿದೆ ಅನ್ನುವುದು ಸರ್ಕಾರದ ಸಮಜಾಯಿಷಿ. ಹಾಗಾದರೆ ನಷ್ಟ ತುಂಬುವವರು ಯಾರು? ತರಕಾರಿ ಹೇರುವ ಓಮ್ನಿಯವನಾ?

ಹಿಂದೆ ಹೀಗಿರಲಿಲ್ಲ. ಸೀಸ ಇಲ್ಲದ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಬಂದಾಗ ಸೀಸದ ಪೆಟ್ರೋಲನ್ನು ಅದೇ ದಿನ ನಿಲ್ಲಿಸಲಿಲ್ಲ. ದೇಶಾದ್ಯಂತ ಸೀಸ ಪೂರ್ತಿ ಹೋದದ್ದು 2000ದ ಫೆಬ್ರವರಿಯಲ್ಲಿ. ಹಳೇ ಗಾಡಿಯವರಿಗೆ ಐದು ವರ್ಷ ಉಸಿರಾಡಲು ಸಿಕ್ಕಿತು. ಬ್ರಿಟನ್‌ನಲ್ಲಿ 2021ರಲ್ಲಿ 10ರಷ್ಟು ಎಥನಾಲ್ ಬಂದಾಗಲೂ ಹಳೇ ಗಾಡಿಗಳಿಗೆ ಅಂತ 5ರಷ್ಟು ಎಥನಾಲ್‌ನ ಪೆಟ್ರೋಲ್ ಉಳಿಸಿಕೊಂಡರು. ಬ್ರೆಜಿಲ್ ನಮಗಿಂತ ಹೆಚ್ಚು ಬೆರೆಸುತ್ತದೆ ಅಂತ ಉದಾಹರಣೆ ಕೊಡುತ್ತಾರೆ. ಅಲ್ಲಿ ಯಾವ ಪ್ರಮಾಣದ ಎಥನಾಲ್‌ಗೂ ಹೊಂದಿಕೊಳ್ಳುವ ಕಾರುಗಳು 2003ರಿಂದಲೇ ರಸ್ತೆಗೆ ಬಂದಿವೆ. ನಮ್ಮಲ್ಲಿ ಇ20ಗೆ ಒಗ್ಗುವ ಭಾಗಗಳ ಕಾರು ಬರಲು ಶುರುವಾದದ್ದೇ 2023ರ ಏಪ್ರಿಲ್‌ನಿಂದ.

ನಮ್ಮಲ್ಲೂ 100 ಆಕ್ಟೇನ್‌ನ ಪೆಟ್ರೋಲ್ ಸಿಗುತ್ತದೆ. ದೊಡ್ಡ ನಗರಗಳ ಕೆಲವು ಬಂಕುಗಳಲ್ಲಿ, ಲೀಟರಿಗೆ 160 ರೂಪಾಯಿ ಸುಮಾರಿಗೆ. ಅದು ದುಬಾರಿ ಬೈಕು, ಕಾರಿನವರಿಗೆ ಆಯ್ಕೆ, ಹಳ್ಳಿಯ ಹಳೇ ಗಾಡಿಯವನಿಗಲ್ಲ.

ಇನ್ನೊಂದು ಕಡೆ ನೋಡಿ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ ಮಾಡಿದರು. ಹತ್ತು ಸಾವಿರ ತೆಗೆದುಕೊಂಡು "ಈ ಗಾಡಿ ಇನ್ನೂ ರಸ್ತೆಯಲ್ಲಿ ಓಡಬಹುದು" ಅಂತ ಮುದ್ರೆ ಒತ್ತಿದ ಸರ್ಕಾರ, ಆ ಗಾಡಿಗೆ ಒಗ್ಗುವ ಪೆಟ್ರೋಲ್ ಬಗ್ಗೆ ನನಗೆ ಸಂಬಂಧವಿಲ್ಲ ಅನ್ನಲು ಬರುವುದಿಲ್ಲ. ಊಟಕ್ಕೆ ದುಡ್ಡು ತೆಗೆದುಕೊಂಡ ಮೇಲೆ ಎಲೆ ಹಾಕಲೇಬೇಕು.

ಹಾಗಾಗಿ ನಾವು ಕೇಳಬೇಕಾದದ್ದು ನಾಲ್ಕು. ಪ್ರತಿ ಬಂಕಿನ ಪ್ರತಿ ನಳಿಕೆಯ ಮೇಲೆ ಎಥನಾಲ್ ಎಷ್ಟು, ಆಕ್ಟೇನ್ ಎಷ್ಟು ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಯಲಿ. ತಾಲ್ಲೂಕಿಗೆ ಒಂದೆರಡು ಬಂಕಿನಲ್ಲಾದರೂ 10ರಷ್ಟು ಎಥನಾಲ್‌ನ ಪೆಟ್ರೋಲ್ ಸಾಮಾನ್ಯ ಬೆಲೆಗೆ ಕೆಲವು ವರ್ಷ ಸಿಗಲಿ. ಇ20ಯ ಬೆಲೆಯಲ್ಲಿ ಮೈಲೇಜ್ ನಷ್ಟದಷ್ಟಾದರೂ ಕಡಿತ ಮಾಡಲಿ. ನೋಂದಣಿ ನವೀಕರಣಕ್ಕೆ ಬಂದ ಹಳೇ ಗಾಡಿಯ ಪೆಟ್ರೋಲ್ ಪೈಪು ಪರೀಕ್ಷಿಸುವುದನ್ನು ಕಡ್ಡಾಯ ಮಾಡಿ, ಆ ಹತ್ತು ಸಾವಿರದಲ್ಲೇ ಅದನ್ನು ಮುಗಿಸಿಕೊಡಲಿ.

ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ, ಶಾಸಕರು ಸಿಕ್ಕಾಗ, ಸಂಸದರು ವೋಟು ಕೇಳಲು ಬಂದಾಗ ಇದನ್ನು ಎತ್ತಿ. ಪೆಟ್ರೋಲ್ ವಿಷಯ ದೆಹಲಿಯದ್ದು ಅಂತ ಸುಮ್ಮನಾಗಬೇಡಿ. ಅದು ಶುರುವಾದದ್ದು ಮಾದಾವರದಲ್ಲಿ, ನಮ್ಮ ಹಿತ್ತಲಿನಲ್ಲಿ.

ಅಲ್ಲಿಯವರೆಗೆ ಈ ವಾರ ಮಾಡುವ ಕೆಲಸ ಇಷ್ಟು: ಸಾಮಾನ್ಯ ಪೆಟ್ರೋಲನ್ನೇ ಹಾಕಿಸಿ, ಪೈಪು ನೋಡಿಸಿ, ಡಿಪ್‌ಸ್ಟಿಕ್ ಎಳೆಯಿರಿ, ಆಯಿಲ್ ಯಾವಾಗ ಬದಲಾಯಿಸಿದಿರಿ ಅಂತ ಒಂದು ಚೀಟಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ.